ಹಟ್ಟಿಯ ಕಜ್ಜಿ, ನನ್ನ ಸಿದ್ಧಾಂತ

ಹಟ್ಟಿಯ ಶಾಲೆಯ ಮೇಷ್ಟ್ರು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಚೀಟಿ ಕಳಿಸಿದ್ದರು. ‘ಮಕ್ಕಳಿಗೆಲ್ಲ ಕಜ್ಜಿ. ಬಲಗೈಯಲ್ಲಿ ಬರೆಯಿರಿ ಎಂದರೆ ಎಡಗೈಯಲ್ಲಿ ಕೆರೆಯುತ್ತಾರೆ. ಕೈ ಕಟ್ಟಿ ಕೂರಿರಿ ಎಂದರೆ ಗೋಡೆಗೆ ಬೆನ್ನು ಉಜ್ಜುತ್ತಾರೆ. ಪಾಠ ನಿಂತಿದೆ. ನಿನ್ನೆಯಿಂದ ನನಗೂ ಅನುಮಾನ ಶುರುವಾಗಿದೆ. ದಯಮಾಡಿ ಬೇಗ ಬನ್ನಿ.’

ಡಾಕ್ಟರು ಅದನ್ನು ಓದಿ ನನ್ನ ಕಡೆ ತಳ್ಳಿದರು. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಕೇಂದ್ರ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅಲ್ಲಿಗೆ ಆರೋಗ್ಯ ಶಿಕ್ಷಕನಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ.

“ಔಷಧಿ ಒಂದು ಕ್ಯಾನ್ ಇದೆ. ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಬೇಕು. ಮಾರನೇ ದಿನ ಇನ್ನೊಂದು ಸಲ. ಮೂರನೇ ದಿನ ಸ್ನಾನ. ಆದರೆ ಹಟ್ಟಿಯಲ್ಲಿರೋ ಅಷ್ಟೂ ಜನ ಒಂದೇ ದಿನ ಹಚ್ಚಿಕೊಳ್ಳಬೇಕು. ಒಬ್ಬ ಉಳಿದರೂ ಅವನಿಂದ ಮತ್ತೆ ಎಲ್ಲರಿಗೂ ಬರತ್ತೆ. ಔಷಧಿ ಕೊಡೋದು ನನ್ನ ಕೆಲಸ, ಹಚ್ಚಿಕೊಳ್ಳೋ ಹಾಗೆ ಮಾಡೋದು ನಿಮ್ಮದು” ಎಂದರು.

ನನಗೆ ಖುಷಿಯೇ ಆಯಿತು. ತರಬೇತಿಯಲ್ಲಿ ಬರೆದುಕೊಂಡ ಇನ್ನೂರು ಪುಟದ ನೋಟ್‌ಬುಕ್ಕು ನನ್ನಲ್ಲಿತ್ತು. ಜನ ಹಳೆಯ ಅಭ್ಯಾಸವನ್ನು ಏಕೆ ಬಿಡುತ್ತಾರೆ, ಏಕೆ ಬಿಡುವುದಿಲ್ಲ ಎಂಬುದಕ್ಕೆ ಅದರ ತುಂಬ ಸಿದ್ಧಾಂತಗಳು, ಪ್ರತಿಯೊಂದಕ್ಕೂ ಬಾಣದ ಗುರುತಿನ ಚಿತ್ರ. ಮೊದಲ ಪುಟದಲ್ಲೇ ಮೂರು ಚೌಕಗಳಿದ್ದವು: ಅರಿವು, ಮನೋಭಾವ, ಆಚರಣೆ. ಮೊದಲನೆಯದಕ್ಕೆ ಅರಿವು ತುಂಬಿದರೆ ಅದು ಬಾಣದ ಮೇಲೆ ಹರಿದು ಮೂರನೆಯದನ್ನು ತಲುಪುತ್ತದೆ. ಕೊಳಾಯಿಯಲ್ಲಿ ನೀರು ಹರಿದ ಹಾಗೆ.

ಹಟ್ಟಿಯಲ್ಲಿ ಮೂವತ್ತು ಮೂವತ್ತೈದು ಮನೆ. ಎಲ್ಲರೂ ಕುರಿ ಸಾಕುವವರು. ಮನೆಗಳ ಪಕ್ಕದಲ್ಲೇ ಮುಳ್ಳುಬೇಲಿ ಕಟ್ಟಿದ ಕುರಿರೊಪ್ಪಗಳು. ನಾನೂ ನಮ್ಮ ನರ್ಸಮ್ಮನೂ ಬೇವಿನ ಮರಕ್ಕೆ ಫ್ಲಾನೆಲ್ ಬಟ್ಟೆಯ ಬೋರ್ಡು ನೇತುಹಾಕಿದೆವು. ಕಜ್ಜಿ ಹುಳು ಚರ್ಮದ ಒಳಗೆ ಸುರಂಗ ಕೊರೆಯುವುದನ್ನು, ಮೊಟ್ಟೆ ಇಡುವುದನ್ನು ಒಂದೊಂದೇ ಚಿತ್ರ ಅಂಟಿಸಿ ವಿವರಿಸಿದೆ. ಜನ ಕೆರೆದುಕೊಳ್ಳುತ್ತಲೇ ಬಹಳ ಆಸಕ್ತಿಯಿಂದ ಕೇಳಿದರು. ಹಾಸಿಗೆ ಬಟ್ಟೆ, ಕಂಬಳಿ ಎಲ್ಲವನ್ನೂ ನೀರಿನಲ್ಲಿ ಕುದಿಸಬೇಕು ಎಂದಾಗ ಮಾತ್ರ ಗುಂಪಿನಲ್ಲಿ ನಗು ಎದ್ದಿತು. ಅದನ್ನು ಮೆಚ್ಚುಗೆ ಎಂದುಕೊಂಡೆ. ಬಾಟಲಿಗಳಿಗೆ ಔಷಧಿ ತುಂಬಿ ಮನೆಮನೆಗೂ ಹಂಚಿದೆವು.

ವಾರದ ಮೇಲೆ ಪ್ರಶ್ನಾವಳಿ ಹಿಡಿದು ಹೋದೆ. ಉತ್ತರಗಳು ನನ್ನ ತರಬೇತಿಯ ಸಹಪಾಠಿಗಳು ಕೊಡುತ್ತಿದ್ದುದಕ್ಕಿಂತ ಚೆನ್ನಾಗಿದ್ದವು. ಮಗುವನ್ನು ಸೊಂಟದಲ್ಲಿಟ್ಟುಕೊಂಡಿದ್ದ ಒಬ್ಬ ಹೆಂಗಸು ಒಂದನ್ನೂ ತಪ್ಪಲಿಲ್ಲ.

“ಮೊಟ್ಟೆ ಒಡೆಯೋದು ಎಷ್ಟು ದಿನಕ್ಕಮ್ಮ?”

“ಮೂರ್ನಾಕು ದಿನಕ್ಕೆ ಸ್ವಾಮಿ.”

“ಔಷಧಿ ಎಲ್ಲಿಂದ ಎಲ್ಲಿಗೆ ಹಚ್ಚಬೇಕು?”

“ಕುತ್ಗೇಯಿಂದ ಅಂಗಾಲ್‌ಗಂಟ.”

“ಹಚ್ಚಿದಿರಾ?”

“ಇಲ್ಲ.”

“ಮತ್ತೆ ಇಷ್ಟೆಲ್ಲಾ ಗೊತ್ತಿದೆಯಲ್ಲ?”

“ನೀವು ಕೇಳ್ದಾಗ ಹೇಳ್ಬೇಕು ಅಂದ್ರಿ. ಹೇಳಿದ್ನಲ್ಲ!” ಎಂದು ಆಕೆ ಬೇಸರ ಮಾಡಿಕೊಂಡಳು.

ಬಾಟಲಿ ತೋರಿಸಿ ಎಂದೆ. ಹೆಚ್ಚಿನ ಮನೆಗಳಲ್ಲಿ ಅದು ಗೂಡಿನಲ್ಲಿ ದೇವರ ಪಟದ ಪಕ್ಕ ಭದ್ರವಾಗಿ ಕೂತಿತ್ತು. ಮೂರು ಮನೆಯವರು ಮಾತ್ರ ಖಾಲಿ ಮಾಡಿದ್ದರು. ನನ್ನ ಎದೆ ಉಬ್ಬಿತು. ಹತ್ತಿರ ಹೋಗಿ ಮೂಸಿದರೆ ಮೂರರಲ್ಲೂ ಸೀಮೆಎಣ್ಣೆ.

ನೋಟ್‌ಬುಕ್ಕಿನ ಮುಂದಿನ ಅಧ್ಯಾಯಕ್ಕೆ ಹೋದೆ. ಹೊಸ ವಿಚಾರವನ್ನು ಎಲ್ಲರೂ ಒಟ್ಟಿಗೆ ಒಪ್ಪುವುದಿಲ್ಲ. ಊರು ಯಾರ ಮಾತು ಕೇಳುತ್ತದೋ ಆ ಅಭಿಪ್ರಾಯ ಮುಖಂಡನನ್ನು ಹಿಡಿದರೆ ಅವನಿಂದ ಉಳಿದವರಿಗೆ ತಾನಾಗಿ ಹರಡುತ್ತದೆ. ಮುಖಂಡನನ್ನು ಊಹಿಸಬಾರದು, ಸಮೀಕ್ಷೆಯಿಂದ ಕಂಡುಹಿಡಿಯಬೇಕು. ಎರಡು ದಿನ ಮನೆಮನೆ ಸುತ್ತಿ, ‘ನಿಮಗೆ ಏನಾದರೂ ಸಂದೇಹ ಬಂದರೆ ಯಾರನ್ನು ಕೇಳುತ್ತೀರಿ?’ ಎಂದು ಕೇಳಿ ಬರೆದುಕೊಂಡೆ. ಎಲ್ಲರೂ ಹೇಳಿದ್ದು ಹಟ್ಟಿಯ ಯಜಮಾನನ ಹೆಸರನ್ನೇ. ಮೊದಲ ದಿನ ನನಗೆ ಕೂರಲು ಕಂಬಳಿ ಹಾಸಿದ್ದೂ ಅವನೇ. ಸಮೀಕ್ಷೆ ಇಲ್ಲದೆಯೂ ಗೊತ್ತಾಗುತ್ತಿತ್ತು, ಆದರೆ ಆಗ ಅದು ವೈಜ್ಞಾನಿಕ ಆಗುತ್ತಿರಲಿಲ್ಲ.

ಯಜಮಾನ ದೊಡ್ಡ ಮೀಸೆಯ ಆಸಾಮಿ. “ನಾನ್ ಹಚ್ಕಂಡ್ರೆ ಹಟ್ಟೀನೇ ಹಚ್ಕಂತದೆ, ಬುಡಿ ಸಾರ್” ಎಂದು ಧೈರ್ಯ ಕೊಟ್ಟ. ಮರುದಿನ ಎಲ್ಲರನ್ನೂ ಬೇವಿನ ಮರದ ಕೆಳಗೆ ಸೇರಿಸಿದ. ಅಂಗಿ ಬಿಚ್ಚಿ, ಪಂಚೆ ಮೇಲಕ್ಕೆ ಕಟ್ಟಿ, ಎದೆ ಸೆಟೆಸಿ ನಿಂತ. ನಾನು ಔಷಧಿಯನ್ನು ಬಟ್ಟೆಯಲ್ಲಿ ಅದ್ದಿ ಬೆನ್ನಿನಿಂದ ಶುರುಮಾಡಿದೆ. ಹಿಂದಿನ ರಾತ್ರಿಯೆಲ್ಲ ಅವನು ಮೈ ಪರಚಿಕೊಂಡಿದ್ದ ಎಂಬುದು ನನಗೆ ಗೊತ್ತಿರಲಿಲ್ಲ. ಹಸಿ ಗಾಯದ ಮೇಲೆ ಆ ಔಷಧಿ ಬಿದ್ದರೆ ಏನಾಗುತ್ತದೆ ಎಂಬುದು ನನ್ನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಮೊದಲು ಮೀಸೆ ಅದುರಿತು. ಆಮೇಲೆ, “ಅಯ್ಯಯ್ಯೋ, ಉರಿ ಕಣ್ರಲಾ! ಬೆಂಕಿಗಾಕ್ಬುಟ್ಟ ಕಣ್ರಲಾ ನನ್ನ!” ಎಂದು ಕೂಗುತ್ತ ಯಜಮಾನ ಓಡಿದ. ಇಡೀ ಸಭೆ ಅವನ ಹಿಂದೆ ಓಡಿತು. ಅವನು ದನ ನೀರು ಕುಡಿಯುವ ಕಲ್ಲುತೊಟ್ಟಿಗೆ ಧುಮುಕಿ ಕುತ್ತಿಗೆಯವರೆಗೂ ಮುಳುಗಿ ಕೂತ. ನೀರು ಕುಡಿಯುತ್ತಿದ್ದ ಎರಡು ಎಮ್ಮೆಗಳು ಬೆದರಿ ಹಗ್ಗ ಕಿತ್ತುಕೊಂಡು ಹೋದವು.

ಹರಡುವಿಕೆಯ ಸಿದ್ಧಾಂತ ಮಾತ್ರ ಅಕ್ಷರಶಃ ನಿಜವಾಯಿತು. ಎರಡು ದಿನದ ನಂತರ ಆಂಧ್ರದ ಗಡಿಯ ಹತ್ತಿರದ ಚಹಾ ಅಂಗಡಿಯಲ್ಲಿ ಕೂತಿದ್ದಾಗ, ಯಾವತ್ತೂ ನೋಡದ ಅಂಗಡಿಯವನು ನನ್ನ ಬ್ಯಾಗನ್ನು ನೋಡಿ ತೆಲುಗು ಬೆರೆಸಿ ಕೇಳಿದ: “ಆ ಮಂಟ ಮಂದು ಸಾರ್ ನೀವೇನಾ?” ಉರಿ ಮದ್ದಿನ ಸಾರ್ ನಾನೇ ಎಂದು ಒಪ್ಪಿಕೊಂಡು ಚಹಾ ಕುಡಿದೆ.

ಡಾಕ್ಟರು ಬೈಯಲಿಲ್ಲ. “ಗಾಯ ನೋಡಿ ಹಚ್ಚಬೇಕಿತ್ತು” ಎಂದಷ್ಟೇ ಹೇಳಿದರು. ನನಗೆ ಬೈದಿದ್ದರೇ ವಾಸಿ ಅನಿಸಿತು. ಆ ಹಟದಲ್ಲೇ ಮೂರನೇ ಸಿದ್ಧಾಂತ ಎತ್ತಿಕೊಂಡೆ: ಕಾಯಿಲೆಯ ಅಪಾಯ ಮನಸ್ಸಿಗೆ ತಟ್ಟಿದರೆ ಜನ ತಾವೇ ಔಷಧಿಗೆ ಕೈಚಾಚುತ್ತಾರೆ. ಕಜ್ಜಿಯ ಗಾಯ ಕೀವಾದರೆ ಮಕ್ಕಳ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಮುಖ ಊದಬಹುದು. ಇದು ಸುಳ್ಳಲ್ಲ. ಆದರೆ ನಾನು ಅದನ್ನು ಹೇಳಿದ ರೀತಿ ಇತ್ತಲ್ಲ, ಬಾಗಿಲು ಬಾಗಿಲಿಗೆ ಹೋಗಿ, ಮಗುವಿನ ಕಡೆ ಬೆರಳು ತೋರಿಸಿ, ಕೆನ್ನೆ ಉಬ್ಬಿಸಿ ಅಭಿನಯಿಸಿ ಹೇಳಿದೆ.

ಹತ್ತು ದಿನದೊಳಗೆ ಒಂದು ಹುಡುಗಿಯ ಮುಖ ಊದಿತು.

ಎಂಟು ವರ್ಷದ ಮಗು. ರೊಪ್ಪದಜ್ಜಿ ಎಂದು ಹಟ್ಟಿಯವರು ಕರೆಯುತ್ತಿದ್ದ ಮುದುಕಿಯ ಮೊಮ್ಮಗಳು. ಬೆಳಿಗ್ಗೆ ಎದ್ದರೆ ಕಣ್ಣು ಬಿಡಲು ಆಗದಷ್ಟು ಊತ, ಮೂತ್ರ ಚಹಾದ ಬಣ್ಣ. ನರ್ಸಮ್ಮ ನೋಡಿದವರೇ ಮಧುಗಿರಿ ಆಸ್ಪತ್ರೆಗೆ ಹೊರಡಿಸಿದರು. ನಾನು ಮನೆ ಮುಂದೆ ಹೋಗಿ ನಿಂತಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಿತು.

“ಮನೆಮನೆಗೂ ಬಂದು ಸಾರ್ಕಂಡು ಹೋದ್ಯಲ್ಲ, ಮಕ ಊದ್ತದೆ, ಮಕ ಊದ್ತದೆ ಅಂತ. ಊದ್ತು. ಈಗ ಸಮಾಧಾನ ಆಯ್ತಾ?”

ಮಗುವನ್ನು ಎತ್ತಿಕೊಂಡು ರಸ್ತೆಯವರೆಗೆ ನಡೆದೆ. ಬಸ್ಸಿನಲ್ಲಿ ಅಜ್ಜಿ ಮುಖ ಆ ಕಡೆ ತಿರುಗಿಸಿ ಕೂತಿತ್ತು. ಮಗು ನನ್ನ ತೊಡೆಯ ಮೇಲೆ ನಿದ್ದೆಹೋಗಿತ್ತು. ನಿದ್ದೆಯಲ್ಲೂ ಅದರ ಬೆರಳುಗಳು ಮಣಿಕಟ್ಟನ್ನು ಕೆರೆಯುತ್ತಲೇ ಇದ್ದವು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಉಪ್ಪಿಲ್ಲದ ಊಟ ಹೇಳಿ, ಮಲಗಿಸಿಕೊಂಡರು. ಬೇಗ ಕರೆತಂದಿದ್ದೀರಿ, ಗುಣವಾಗುತ್ತಾಳೆ ಎಂದರು. ಆಮೇಲೆ ದಿನ ಬಿಟ್ಟು ದಿನ ಹೋಗಿಬರುತ್ತಿದ್ದೆ. ನಾಲ್ಕನೆಯ ಸಲವೋ ಐದನೆಯ ಸಲವೋ ವರಾಂಡದಲ್ಲಿ ಕೂತಿದ್ದಾಗ ಅಜ್ಜಿ ನನ್ನ ಕೈಯನ್ನೇ ನೋಡುತ್ತಿರುವುದು ಕಂಡಿತು. ನಾನು ಬೆರಳಸಂದಿ ಕೆರೆಯುತ್ತಿದ್ದೆ.

“ನಿಂಗೂ ಅಂಟ್ಕಂತಾ?”

ಮೂರು ವಾರದಿಂದ ಮುಚ್ಚಿಟ್ಟಿದ್ದ ಸಂಗತಿ. ಕೇಂದ್ರದಲ್ಲಿ ಕೈಯನ್ನು ಜೇಬಿನಿಂದ ತೆಗೆಯುತ್ತಲೇ ಇರಲಿಲ್ಲ. “ಹೂಂ ಅಜ್ಜಿ” ಎಂದೆ.

“ಮದ್ದು ಹಚ್ಕಂಡ್ಯಾ?”

“ಇಲ್ಲ.”

“ನಿಂತಾವ ಕ್ಯಾನೇ ಐತಲ್ಲಪ್ಪ!”

“ಉರಿಯತ್ತೆ ಅಂತ ಭಯ ಅಜ್ಜಿ.”

ಅಜ್ಜಿ ನಗಲು ಶುರುಮಾಡಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಒಳಗಿಂದ ನರ್ಸು ಬಂದು ಗದರಿಸಬೇಕಾಯಿತು. ನನಗೂ ನಗು ಬಂತು. ಅರಿವು ತುಂಬಿ ತುಳುಕುತ್ತಿತ್ತು, ಮನೋಭಾವ ಅತ್ಯುತ್ತಮವಾಗಿತ್ತು, ಆಚರಣೆಯ ಚೌಕ ಮಾತ್ರ ಒಣಗಿಹೋಗಿತ್ತು. ಸಂಬಳ ತೆಗೆದುಕೊಂಡು ಪಾಠ ಹೇಳುವ ನನ್ನಲ್ಲೇ ಕೊಳಾಯಿ ಹರಿದಿರಲಿಲ್ಲ.

ಮಗುವಿನ ಊತ ಇಳಿದು ಮನೆಗೆ ಕರೆತಂದ ದಿನ ಅಜ್ಜಿಯೇ ಹೇಳಿತು: “ಬೇಸ್ತ್ವಾರ ಕುರಿಗೆ ಮದ್ದು ಐತೆ. ಬಿಡುವಿದ್ರೆ ಬಾ. ಆ ಬಟ್ಟೆ ಬೋರ್ಡು ತರ್ಬ್ಯಾಡ.”

ಹೋದೆ. ತುಪ್ಪಟ ಕತ್ತರಿಸಿದ ಕುರಿಗಳು ಬೆತ್ತಲೆ ಮೈಯಲ್ಲಿ ರೊಪ್ಪದೊಳಗೆ ಕಿಕ್ಕಿರಿದಿದ್ದವು. ಹೊರಗೆ ಬೇರೊಂದು ಕಲ್ಲುತೊಟ್ಟಿಯಲ್ಲಿ ಪಶು ಆಸ್ಪತ್ರೆಯಿಂದ ತಂದ ಔಷಧಿ ಕದಡಿದ್ದರು. ಇಬ್ಬರು ಒಂದೊಂದೇ ಕುರಿಯನ್ನು ಎತ್ತಿ ತೊಟ್ಟಿಯಲ್ಲಿ ಮುಳುಗಿಸಿ ಆಚೆ ಬಿಡುತ್ತಿದ್ದರು. ದಾರಿಯಲ್ಲಿ ಅಜ್ಜಿ ಮಡಕೆ ಇಟ್ಟುಕೊಂಡು ಕೂತು, ದಾಟಿದ ಪ್ರತಿ ಕುರಿಯ ಬೆನ್ನಿಗೂ ಕೆಮ್ಮಣ್ಣಿನ ಗುರುತು ಹಾಕುತ್ತಿತ್ತು.

“ಅಲ್ಲಿ ಕಟ್ಟಾಕಿರೋ ಎರಡನ್ನ ಯಾಕೆ ಮುಳುಗಿಸಲಿಲ್ಲ ಅಜ್ಜಿ?”

“ಅವಕ್ಕೆ ಗಾಯ ಆಗೈತೆ. ಹಸೀ ಗಾಯಕ್ಕೆ ಮದ್ದು ಬಿದ್ರೆ ಉರೀತದೆ, ಕುರಿ ತಡೀತದಾ? ಹೋದ್ವಾರ್ದಿಂದ ಹೊಂಗೆ ಎಣ್ಣೆ ಸವರ್ತಾ ಇದೀವಿ. ಒಣಗಿದ್ಮ್ಯಾಕೆ ಮುಳುಗ್ಸೋದು. ಅಲ್ಲೀಗಂಟ ಮಂದೆ ಒಳಕ್ಕೆ ಸೇರ್ಸಲ್ಲ.”

“ಎಲ್ಲಾ ಒಂದೇ ದಿನ ಯಾಕೆ?”

“ಒಂದು ಉಳುದ್ರೂ ಮತ್ತೆ ಎಲ್ಲಾಕ್ಕೂ ಹತ್ತಿಸ್ತದೆ. ಅದ್ಕೇ ಗುರ್ತು. ಹದಿನೈದು ದಿನ ಬಿಟ್ಟು ಇನ್ನೊಂದ್ ಕಿತ ಮುಳುಗಿಸ್ತೀವಿ, ಮೊಟ್ಟೆ ಉಳ್ಕಂಡಿರ್ತವಲ್ಲ. ರೊಪ್ಪಾನೂ ಬದ್ಲಾಯಿಸ್ತೀವಿ.”

ಡಾಕ್ಟರು ಹೇಳಿದ್ದು, ಹೇಳದೇ ಬಿಟ್ಟದ್ದು, ಎಲ್ಲವನ್ನೂ ಈ ಹಟ್ಟಿ ಅಜ್ಜನ ಕಾಲದಿಂದ ವರ್ಷವರ್ಷ ಮಾಡಿಕೊಂಡು ಬರುತ್ತಿತ್ತು. ನಾನು ಅವರ ಮುಂದೆ ಫ್ಲಾನೆಲ್ ಬಟ್ಟೆಯ ಮೇಲೆ ಹುಳು ಅಂಟಿಸಿದ್ದೆ.

“ಹಂಗಾದ್ರೆ ನಮ್ಮ ಕಜ್ಜಿಗೂ ಹಿಂಗೇ ಅಲ್ವಾ ಅಜ್ಜಿ?” ಎಂದು ಮೆಲ್ಲಗೆ ಕೇಳಿದೆ. “ಕುರಿಯ ಹುಳು ಬೇರೆ, ನಮ್ಮ ಹುಳು ಬೇರೆ. ಕಟ್ಟುಪಾಡು ಒಂದೇ.”

ಅಜ್ಜಿ ಕೈಯನ್ನು ಮಡಕೆಯಲ್ಲೇ ಬಿಟ್ಟು ಯೋಚಿಸಿತು. “ಕುರಿಗೆ ಯಾರೂ ಭಾಷಣ ಬಿಗಿಯಲ್ಲ. ಮಂದೆಗೆ ಒಬ್ರು ನಿಂತ್ಕಂಡು ದಿನ ಗೊತ್ತು ಮಾಡ್ಬೇಕು.”

“ನೀನೇ ಗೊತ್ತು ಮಾಡು.”

ಆ ಮಾತು ಬಾಯಿಂದ ಬಂದ ಮೇಲೆ ಅದರ ಭಾರ ಗೊತ್ತಾಯಿತು. ತಿಂಗಳ ಕೊನೆಗೆ ಹಟ್ಟಿಯ ಕೆಲಸ ಮುಗಿಯಿತು ಎಂದು ಜಿಲ್ಲೆಗೆ ವರದಿ ಹೋಗಬೇಕಿತ್ತು. ಅಜ್ಜಿ ಹೇಳಿದ್ದು ಅದರಾಚೆಯ ಅಮಾವಾಸ್ಯೆ. ಬೇರೆ ಮನೆಗಳ ಮಂದೆ ಹೊಡೆದುಕೊಂಡು ಸಿರಾ ಕಡೆಯ ಹೊಲಗಳಿಗೆ ಹೋಗಿರುವ ಗಂಡಸರು ಆ ಹೊತ್ತಿಗೆ ಹಿಂದಿರುಗುತ್ತಾರೆ. ಅವರು ಇಲ್ಲದಾಗ ಹಚ್ಚಿದರೆ ಅವರು ಬರುವಾಗ ಕಜ್ಜಿಯನ್ನೂ ಹೊತ್ತು ತರುತ್ತಾರೆ. ಅಲ್ಲಿಯವರೆಗೆ ಎಲ್ಲರ ಗಾಯ ಒಣಗಿಸಬೇಕು. ಕಂಬಳಿ ಕುದಿಸುವ ಮಾತು ಮತ್ತೆ ಎತ್ತಕೂಡದು. ಕುದಿಸಿದ ಕಂಬಳಿ ಕುಗ್ಗಿ ಮಂಡಿ ಮುಚ್ಚುವಷ್ಟೂ ಉಳಿಯುವುದಿಲ್ಲ. ಬಿಸಿ ಬಂಡೆಯ ಮೇಲೆ ನಾಲ್ಕು ದಿನ ಒಣಗಹಾಕಿದರೆ ಯಾವ ಹುಳು ಬದುಕುತ್ತದೆ?

ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದೆ, ನನ್ನ ಕೈಯನ್ನೂ ಜೇಬಿನಿಂದ ತೆಗೆದು ತೋರಿಸಿದೆ. ಅವರು ವರದಿಯ ಹಾಳೆಯಲ್ಲಿ ‘ಮುಗಿದಿದೆ’ ಎಂಬುದನ್ನು ಹೊಡೆದುಹಾಕಿ ‘ನಡೆಯುತ್ತಿದೆ’ ಎಂದು ಬರೆದು ಸಹಿ ಮಾಡಿದರು. “ಬಿಸಿಲಿನ ವಿಷಯ ಆಕೆ ಹೇಳಿದ್ದು ಸರಿ” ಎಂದರು. ಕೀವಾದ ಗಾಯಗಳಿಗೆ ಮಾತ್ರೆ, ಹಚ್ಚಲು ನೇರಳೆ ಔಷಧಿ ಕೊಟ್ಟರು. ನರ್ಸಮ್ಮ ದಿನಾ ಹೋಗಿ ಹಚ್ಚಿದರು. ಎರಡು ವಾರ ಇಡೀ ಹಟ್ಟಿ ನೇರಳೆ ಬಣ್ಣದ ಚುಕ್ಕೆಗಳಲ್ಲಿ ಓಡಾಡಿತು.

ಅಮಾವಾಸ್ಯೆಯ ಬೆಳಿಗ್ಗೆ ಹೋದಾಗ ಹಟ್ಟಿಯ ಹಿಂದಿನ ಬಂಡೆಯ ತುಂಬ ಕರಿ ಕಂಬಳಿಗಳನ್ನು ಹಾಸಿದ್ದರು. ಹೆಂಗಸರಿಗೂ ಮಕ್ಕಳಿಗೂ ಸುತ್ತ ಸೀರೆ ಕಟ್ಟಿ ಮರೆಮಾಡಿದ ಅಂಗಳ, ಅಲ್ಲಿ ನರ್ಸಮ್ಮ. ಮಕ್ಕಳ ಔಷಧಿಗೆ ಸಮನಾಗಿ ನೀರು ಬೆರೆಸಿದ್ದರು. ಗಂಡಸರಿಗೆ ಖಾಲಿ ರೊಪ್ಪ, ಅಲ್ಲಿ ನಾನು. ಹಟ್ಟಿಯ ಬಾಗಿಲಲ್ಲಿ ಅಜ್ಜಿ, ಮಡಕೆ, ಕೆಮ್ಮಣ್ಣು. ಹಚ್ಚಿಸಿಕೊಂಡವರ ಹಣೆಗೆ ಒಂದು ಬೊಟ್ಟು. ಬೊಟ್ಟಿಲ್ಲದವರಿಗೆ ಅವತ್ತು ಯಾರ ಮನೆಯಲ್ಲೂ ಊಟವಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಅಜ್ಜಿ ಎದ್ದು ನಿಂತು ಕೂಗಿತು: “ಒಂದು ಟಗರು ತಪ್ಪಿಸ್ಕಂಡೈತೆ!”

ಯಜಮಾನ ಕಾಣೆಯಾಗಿದ್ದ. ಊಟದ ಹೊತ್ತಿಗೆ ತಾನೇ ಹಿಂಬದಿಯಿಂದ ಮನೆಗೆ ನುಗ್ಗಲು ನೋಡಿದಾಗ ಅವನ ಹೆಂಡತಿ ಒಳಗಿಂದ ಅಗುಳಿ ಹಾಕಿದಳು. “ಗುರ್ತು ತೋರ್ಸು, ಮುದ್ದೆ ಇಕ್ತೀನಿ” ಎಂಬ ಅವಳ ಮಾತು ರೊಪ್ಪದವರೆಗೂ ಕೇಳಿಸಿತು. ಕೊನೆಗೆ ಬಂದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತ. ಗಾಯ ಒಣಗಿದ್ದ ಮೈಗೆ ಔಷಧಿ ತಣ್ಣಗೆ ಇಳಿಯಿತು. ಒಂದು ಕಣ್ಣು ತೆರೆದು, “ಇಷ್ಟೇಯಾ?” ಎಂದ. ಅವನ ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು. ಆಮೇಲೆ ನನ್ನ ಕೈಯಿಂದ ಬಟ್ಟೆಯನ್ನು ಕಿತ್ತುಕೊಂಡ. “ಸಾರ್, ಈಗ ನೀವು ಅಂಗಿ ಬಿಚ್ಚಿ.”

ಅವನಷ್ಟು ಶ್ರದ್ಧೆಯಿಂದ ನನ್ನ ಮೈಗೆ ಔಷಧಿ ಹಚ್ಚಿದವರನ್ನು ನಾನು ಮತ್ತೆ ನೋಡಿಲ್ಲ. ಒಂದು ಬೆರಳಸಂದಿಯನ್ನೂ ಬಿಡಲಿಲ್ಲ. ನಾನು ಮಾತ್ರ ನನ್ನ ಗಾಯಗಳಿಗೆ ನೇರಳೆ ಔಷಧಿ ಹಚ್ಚಿಕೊಳ್ಳಲು ಮರೆತಿದ್ದೆ. ಎಮ್ಮೆಗಳ ತೊಟ್ಟಿಯ ಕಡೆ ಓಡಲು ಹೊರಟವನನ್ನು ನಾಲ್ವರು ಹಿಡಿದುಕೊಂಡರು.

ಅದೇ ಹೊತ್ತಿಗೆ ಡಾಕ್ಟರ ಜೀಪು ಬಂತು. ಅಜ್ಜಿ ಬಾಗಿಲಲ್ಲೇ ತಡೆಯಿತು.

“ಗುರ್ತಿಲ್ದೋರು ಒಳೀಕೆ ಬರಂಗಿಲ್ಲ.”

“ಅಮ್ಮ, ನಾನು ಡಾಕ್ಟ್ರು. ನನಗೆ ಕಜ್ಜಿ ಇಲ್ಲ.”

“ಕಜ್ಜಿ ಇಲ್ದಿರೋ ಕುರೀನೂ ಮುಳುಗಿಸ್ತೀವಿ ಸ್ವಾಮಿ.”

ಒಬ್ಬರೂ ಉಳಿಯಬಾರದು ಎಂದು ಮೊದಲು ಹೇಳಿದವರು ಅವರೇ. ಡಾಕ್ಟರು ಅಂಗಿಯ ತೋಳು ಮಡಿಸಿದರು. ಭುಜದವರೆಗೆ ಹಚ್ಚಿಸಿಕೊಂಡು ಹಣೆಗೆ ಬೊಟ್ಟು ಇಡಿಸಿಕೊಂಡು ಒಳಗೆ ಬಂದರು. ಡ್ರೈವರ್ ಮಾತ್ರ ಜೀಪಿನ ಗಾಜು ಏರಿಸಿಕೊಂಡು ಸಂಜೆಯವರೆಗೆ ಬೆವರುತ್ತ ಕೂತಿದ್ದ.

ಮರುದಿನ ಇನ್ನೊಂದು ಸಲ ಹಚ್ಚಿದೆವು, ಮೂರನೇ ದಿನ ಎಲ್ಲರ ಸ್ನಾನ. ಹದಿನೈದು ದಿನ ಬಿಟ್ಟು ಮತ್ತೆ ಹಚ್ಚಬೇಕು ಎಂದು ಅಜ್ಜಿ ಹಟ ಹಿಡಿದು ಅದನ್ನೂ ಮಾಡಿಸಿತು. ತುರಿಕೆ ಒಂದೇ ದಿನಕ್ಕೆ ಹೋಗಲಿಲ್ಲ, ಎರಡು ಮೂರು ವಾರ ತೆಗೆದುಕೊಂಡಿತು. ಹೊಸ ಗುಳ್ಳೆ ಮಾತ್ರ ಒಬ್ಬರಿಗೂ ಏಳಲಿಲ್ಲ. ಆಸ್ಪತ್ರೆಯಿಂದ ಬಂದ ಹುಡುಗಿ ಬೆಳಿಗ್ಗೆ ಹೊತ್ತು ಬಂದು ನರ್ಸಮ್ಮನಿಗೆ ತನ್ನ ಮುಖ ತೋರಿಸಿ ಓಡಿಹೋಗುತ್ತಿದ್ದಳು. ಅವಳು ಶಾಲೆಗೆ ಹೋದ ಮೊದಲ ದಿನ ಅಜ್ಜಿ ನನ್ನನ್ನು ಕರೆದು ಒಂದು ಲೋಟ ಕುರಿಹಾಲಿನ ಚಹಾ ಕೊಟ್ಟಿತು.

ಕೆಲವು ವರ್ಷಗಳ ನಂತರ ನನಗೆ ಕೊರಟಗೆರೆ ತಾಲ್ಲೂಕಿಗೆ ವರ್ಗವಾಯಿತು. ಚನ್ನರಾಯನದುರ್ಗದ ಕಡೆಯ ಒಂದು ಊರಿನಲ್ಲಿ ಮಕ್ಕಳಿಗೆಲ್ಲ ಕಜ್ಜಿ ಎಂದು ಸುದ್ದಿ ಬಂತು. ಹಿಗ್ಗಿನಿಂದಲೇ ಹೋದೆ. ಈಗ ನನ್ನ ಬಳಿ ನೋಟ್‌ಬುಕ್ಕಿನಲ್ಲಿಲ್ಲದ, ನನ್ನದೇ ಆದ ಸಿದ್ಧಾಂತವಿತ್ತು. ಊರಿನವರನ್ನು ಒಂದು ಮನೆಯ ಜಗಲಿಯ ಮುಂದೆ ಸೇರಿಸಿ, ಕುರಿಯ ಮಂದೆ, ಕಲ್ಲುತೊಟ್ಟಿ, ಕೆಮ್ಮಣ್ಣಿನ ಗುರುತು ಎಲ್ಲವನ್ನೂ ರಸವತ್ತಾಗಿ ಬಣ್ಣಿಸಿದೆ. ಒಬ್ಬರೂ ನಗಲಿಲ್ಲ. ಹಿಂದೆ ನಿಂತಿದ್ದ ಹಿರಿಯರೊಬ್ಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಏನ್ರೀ, ನಮ್ಮನ್ನ ಕುರಿ ಅಂತೀರಾ?”

ಅವರ ಹಿಂದೆ ಉಳಿದವರೂ ಹೊರಟರು. ಜಗಲಿಯ ಮೇಲೆ ನಾನೂ ಮನೆಯಾಕೆಯೂ ಉಳಿದೆವು. ಆಕೆ ಒಳಗಿಂದ ಹಿಪ್ಪುನೇರಳೆ ಸೊಪ್ಪಿನ ಕಟ್ಟು ತಂದು ಹಾಕಿ ಕೂತರು. ಮನೆಯೊಳಗೆ ತಟ್ಟೆ ತಟ್ಟೆಯಲ್ಲಿ ರೇಷ್ಮೆ ಹುಳು ಇರುವುದು ಆಗ ಕಣ್ಣಿಗೆ ಬಿತ್ತು.

“ಇಲ್ಲಿ ನೀವೆಲ್ಲ ರೇಷ್ಮೆ ಸಾಕೋರಾ ಅಮ್ಮ?” ಎಂದು ಕೇಳಿದೆ.

“ಮೆಲ್ಲಗೆ ಮಾತಾಡಿ. ಹುಳ ಜ್ವರಕ್ಕೆ ಕೂತವೆ. ಇನ್ನೇನು ಎದ್ದು ಸೊಪ್ಪು ಕೇಳ್ತವೆ” ಎಂದರು.

ಹುಳಕ್ಕೆ ಜ್ವರ ಎಂದರೇನು, ಆಗ ಮನೆಯವರು ಏನೇನು ಮಾಡುತ್ತಾರೆ, ನನಗೆ ಒಂದೂ ಗೊತ್ತಿರಲಿಲ್ಲ. ಚಪ್ಪಲಿ ಜಗಲಿಯ ಕೆಳಗೆ ಬಿಟ್ಟು ಹತ್ತಿರ ಹೋಗಿ ಕೂತೆ.

“ಸೊಪ್ಪು ಹೆಚ್ಚಕ್ಕೆ ಬತ್ತದಾ?”

ಬರುವುದಿಲ್ಲ ಎಂದೆ. ಆಕೆ ನನ್ನ ಕೈಬೆರಳುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ತೊಳೆದುಕೊಳ್ಳಲು ಒಂದು ಚೊಂಬು ನೀರು ಕೊಟ್ಟು, ಕತ್ತಿಯನ್ನು ನನ್ನ ಕಡೆ ಸರಿಸಿದರು.